ಹೆಸರು ಕಳೆದುಕೊಂಡ ಪೆಟ್ಟಿಗೆ

ಇಳಕಲ್
೧೪ ನವೆಂಬರ್ ೨೦೨೫

ಬಾದಾಮಿಯ ಅನುರಾಧಾ ಅಕ್ಕಾ,

ಎಂದಿನಂತೆ ನಿಮ್ಮನ್ನು ಹೊಗಳಿ ಶುರುಮಾಡಲು ಈ ಸಲ ಮನಸ್ಸಿಲ್ಲ. ಸಿಟ್ಟು ಬಂದಿದೆ. ನಮ್ಮ ಪ್ರೋಗ್ರಾಮರುಗಳ ಆನ್‌ಲೈನ್ ಗುಂಪಿನಲ್ಲಿ ಹಾಕಿದರೆ ಎಲ್ಲರೂ ನಗುವ ಗುರುತು ಒತ್ತುತ್ತಾರೆ, ಅದಕ್ಕೇ ನಿಮಗೊಬ್ಬರಿಗೇ ಬರೆಯುತ್ತಿದ್ದೇನೆ.

ಪ್ರೋಗ್ರಾಮು ಎಲ್ಲಿ ಎಡವಿತು ಎಂದು ತೋರಿಸುವ ನಿಮ್ಮ ಡಿಬಗರ್ ಹೋದ ತಿಂಗಳವರೆಗೆ ಎರಡು ಬಗೆಯ ಫೈಲು ಓದುತ್ತಿತ್ತು. ಫೈಲಿನೊಳಗೆ ಯಾವ ಕೆಲಸ ಯಾವ ವಿಳಾಸದಲ್ಲಿದೆ ಎಂಬ ಹೆಸರುಗಳ ಪಟ್ಟಿ ಇರುತ್ತದಲ್ಲ, ಸಿಂಬಲ್ ಟೇಬಲ್, ಅದನ್ನು ಓದುವುದನ್ನು ಸರಳ ಮಾಡುತ್ತೇನೆಂದು ಹಳೆಯ ಬಗೆಯ ಎಂಟುನೂರು ಸಾಲು ಅಳಿಸಿಬಿಟ್ಟಿರಿ. ಆ ಬದಲಾವಣೆಯ ಕೆಳಗೆ ನೀವು ಬರೆದದ್ದು ಒಂದೇ ಮಾತು: ಇದನ್ನು ಯಾರೂ ಬಳಸುವುದಿಲ್ಲ.

ನಮ್ಮ ಸುಂದರವ್ವ ಚಿಗವ್ವ ಲೆಕ್ಕಕ್ಕೇ ಇಲ್ಲವೇ ಅಕ್ಕಾ? ಅವಳ ಮಗ್ಗದ ಮೇಲೆ ಸೀರೆಯ ಅಂಚಿಗೆ ಎಳೆ ಎತ್ತುವ ಪೆಟ್ಟಿಗೆಯ ಪ್ರೋಗ್ರಾಮು ಅದೇ ಹಳೆಯ ಬಗೆಯದು. ಬರೆದವರು ತೀರಿಕೊಂಡಿದ್ದಾರೆ, ಉಳಿದಿರುವುದು ಆ ಫೈಲೊಂದೇ. ಅಂಚಿನಲ್ಲಿ ಪ್ರತಿ ಒಂಬತ್ತನೆಯ ಎಳೆ ತಪ್ಪುತ್ತಿದೆ. ಹುಡುಕೋಣವೆಂದು ಹೊಸ ಡಿಬಗರ್ ಹಾಕಿದರೆ ಒಂದೂ ಹೆಸರಿಲ್ಲ, ಬರೀ ಅಂಕಿ! ಹಳೆಯ ಡಿಬಗರ್ ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಏಳುವುದೇ ಇಲ್ಲ.

ಚಿಗವ್ವ ಹಿಂದೆ ನಿಂತು, “ಏನವಾ, ಬರೇ ಅಂಕಿ ನೋಡಾಕ ಬಾಗಲಕೋಟಿಗೆ ಹೋಗಿ ಇಷ್ಟ್ ಓದಿದೇನ? ಸೋಮವಾರತನಕಾ ನೋಡ್ತೇನಿ. ಆಮ್ಯಾಲ ಪೆಟ್ಟಿಗಿ ಕಿತ್ತ ಒಗೀತೇನಿ. ಆ ನಿಮ್ಮ ಅನುರಾಧಕ್ಕನ್ನ ಕರಸು, ಬಂದ್ ಎಳಿ ಎತ್ತಲಿ!” ಅಂದಳು. ಪೆಟ್ಟಿಗೆ ಬರುವ ಮೊದಲು ಎಳೆ ಎತ್ತಿ ಎತ್ತಿ ಅವಳ ಬಲಭುಜ ಹೋಗಿದೆ. ಈಗಲೂ ಆ ಕೈಯಿಂದ ತಲೆ ಬಾಚಿಕೊಳ್ಳಲಾರಳು. ಮತ್ತೆ ಅದೇ ಕೈಯಿಂದ ಅಂಚು ನೇಯುತ್ತಾಳಂತೆ.

ಎಂಟುನೂರು ಸಾಲೂ ಮರಳಿ ಬೇಡ. ಫೈಲು ತೆರೆದ ಕೂಡಲೇ ಹಳೆಯ ಪಟ್ಟಿಯನ್ನು ಹೊಸ ಪಟ್ಟಿಯಾಗಿ ಮಾಡಿಕೊಟ್ಟರೆ ಸಾಕು, ಮುಂದೆಲ್ಲ ನಿಮ್ಮ ಒಂದೇ ದಾರಿ. ಅರವತ್ತು ಸಾಲು ಬರೆದು ಜೊತೆಗಿಟ್ಟಿದ್ದೇನೆ. ಹೆಸರುಗಳು ಬರುತ್ತಿವೆ, ವಿಳಾಸಗಳು ತಪ್ಪುತ್ತಿವೆ. ಎಲ್ಲಿ ಎಡವಿದ್ದೇನೆಂದು ನಿಮಗೆ ನೋಡಿದ ತಕ್ಷಣ ತಿಳಿಯುತ್ತದೆ. ಸೋಮವಾರದೊಳಗೆ ನೋಡಲೇಬೇಕು. ನೋಡದಿದ್ದರೆ ಬಾದಾಮಿಗೇ ಬಂದು ನಿಮ್ಮ ಬಾಗಿಲಲ್ಲಿ ಕೂರುತ್ತೇನೆ.

ಸಿಟ್ಟಿನಲ್ಲೂ ನಿಮ್ಮವಳೇ,
ಪದ್ಮಶ್ರೀ

ತಾ.ಕ.: ಅಳಿಸುವ ಮೊದಲು ಯಾರಿಗಾದರೂ ಇದು ಬೇಕೇ ಎಂದು ನೀವು ಗುಂಪಿನಲ್ಲಿ ತಿಂಗಳಿಡೀ ಕೇಳಿದ್ದಿರಿ. ಉತ್ತರ ಬಂದದ್ದು ಒಂದೇ. “ತಗದ್ ಒಗೀರಿ ಅಕ್ಕಾರ, ಯಾರೂ ಬಳಸೂದಿಲ್ಲ” ಎಂದು ಎರಡೇ ನಿಮಿಷದಲ್ಲಿ ಬರೆದು ಬೆಂಕಿಯ ಗುರುತು ಹಾಕಿದ ‘ಇಳಕಲ್ ಹುಲಿ’ ನಾನೇ. ಬರೆದವರು ನೀವು ಎಂದಷ್ಟೇ ನೋಡಿದ್ದೆ ಅಕ್ಕಾ. ಏನು ಬರೆದಿದ್ದೀರಿ ಎಂದು ಓದಿರಲಿಲ್ಲ.