ಭಜನೆ ಮನೆಯ ಹಾವು ಏಣಿ

ಮಗ್ಗೆ
17 ಜೂನ್ 2025

ಪ್ರೀತಿಯ ಅಪ್ಪಾ,

ಕಣ್ಣಿನ ಆಪರೇಷನ್ ಆಗಿ ಹತ್ತು ದಿನವಾಯಿತು, ಉರಿ ಕಡಿಮೆಯಾಗಿದೆಯೇ? ಔಷಧಿ ಹನಿ ಹಾಕುವಾಗ ಮಗುವಿನಂತೆ ಕಣ್ಣು ಮುಚ್ಚಿಬಿಡುತ್ತೀರಂತೆ, ಅಕ್ಕ ಫೋನಿನಲ್ಲಿ ಗೊಣಗಿದಳು. ಹಾಸನದಲ್ಲಿ ಇರುವಷ್ಟು ದಿನ ಅವಳ ಮಾತು ಕೇಳಿ. ಈ ಕಾಗದವನ್ನೂ ಅವಳಿಂದಲೇ ಓದಿಸಿಕೊಳ್ಳಿ, ನಡುವೆ ನಿಲ್ಲಿಸಬೇಡಿ.

ನನಗೆ ಸಿಟ್ಟು ಬಂದಿದೆ. ಶನಿವಾರ ಸಂಜೆ ಹನ್ನೊಂದು ಮಕ್ಕಳನ್ನು ಕಟ್ಟಿಕೊಂಡು ಸಂಗೀತದ ಪಾಠಕ್ಕೆ ಹೋದರೆ ಭಜನೆ ಮನೆಗೆ ಹೊಸ ಬೀಗ. ನೀವು ಹೊರಡುವಾಗ ಉಸ್ತುವಾರಿ ವಹಿಸಿಹೋದ ಭೂತಯ್ಯನವರು ಜಗಲಿಯ ಮೇಲೆ ಕೂತಿದ್ದರು. "ದ್ಯಾವ್ರ ಪಟದ ಮುಂದೆ ದಾಳ ಉಳ್ಳಿಸ್ತೀಯಲ್ಲವ್ವ, ಜೂಜಿಗೂ ಇದಕ್ಕೂ ಏನ್ ವ್ಯತ್ಯಾಸ ಐತೆ?" ಎಂದರು. ಯುಗಾದಿ ದಿನ ಇದೇ ಜಗಲಿಯಲ್ಲಿ ಇಸ್ಪೀಟು ಹಾಕಿಕೊಂಡು ಕೂತವರು ಯಾರು ಎಂದು ಕೇಳಿದೆ. ಅದು ಹಬ್ಬದ ಪದ್ಧತಿಯಂತೆ.

ನೀವಂತೂ ಆ ಆಟವನ್ನು ಒಂದು ದಿನವೂ ಕೂತು ನೋಡಿಲ್ಲ, ಅದಕ್ಕೇ ಹೇಳುತ್ತೇನೆ. ಆಲೂರಿನ ಗುಜರಿ ಅಂಗಡಿಯ ಗಯಾಜ್ ಮೂರು ಹಳೆಯ ಹಾವು ಏಣಿ ಹಲಗೆ ಎತ್ತಿಟ್ಟಿದ್ದ. "ಮಕ್ಳು ಆಡಿದ್ದು ಮಕ್ಳಿಗೇ ಹೋಗ್ಲಿ, ತಗಳಿ ಅಕ್ಕ" ಎಂದು ಕೊಟ್ಟ. ದಾಳದ ಅಂಕಿಗಳ ಮೇಲೆ ಸ್ವರದ ಚೀಟಿ ಅಂಟಿಸಿದೆ. ಸ್ವರ ಏಳು, ದಾಳಕ್ಕೆ ಆರೇ ಮುಖ. ಷಡ್ಜವನ್ನು ದಾಳಕ್ಕೆ ಹಾಕಲಿಲ್ಲ. ಶ್ರುತಿಪೆಟ್ಟಿಗೆಯ ಜೊತೆ ಅದನ್ನು ಎಲ್ಲರೂ ಹಿಡಿದುಕೊಂಡಿರಬೇಕು. ಬಿದ್ದ ಸ್ವರವನ್ನು ಹಾಡಿಯೇ ಕಾಯಿ ನಡೆಸಬೇಕು. ಏಣಿ ಸಿಕ್ಕರೆ ಆರೋಹಣ, ಹಾವು ಕಚ್ಚಿದರೆ ಅವರೋಹಣ. ಈಗ ಮಕ್ಕಳು ಹಾವು ಕಚ್ಚಲಿ ಎಂದೇ ಕಾಯುತ್ತಾರೆ, ಹೆಚ್ಚು ಹೊತ್ತು ಹಾಡಬಹುದಲ್ಲ. ಮಾದೇವಮ್ಮನ ಮೊಮ್ಮಗಳು ನಯನಾ ನಾಲ್ಕು ತಿಂಗಳು ಬಾಯೇ ಬಿಟ್ಟಿರಲಿಲ್ಲ. ಹೋದ ವಾರ ನಿಷಾದದಿಂದ ಹೊರಟು ಒಂದೂ ಸ್ವರ ಜಾರದೆ ಷಡ್ಜಕ್ಕೆ ಇಳಿದಳು. ಶನಿವಾರ ಆ ಬೀಗ ನೋಡಿ, "ಮಿಸ್, ನಾನೇನಾದ್ರೂ ತಪ್ಪಾಡ್ಬುಟ್ನಾ?" ಎಂದು ಕೇಳಿದಳು.

ನಾನು ನಿಮ್ಮ ಹತ್ತಿರ ಕಲಿಯುವಾಗ ಸ್ವರ ತಪ್ಪಿದರೆ ತೊಡೆಗೆ ಏಟು ಬೀಳುತ್ತಿತ್ತು. ಮೂವತ್ತು ವರ್ಷವಾದರೂ ಮೇಲಿನ ಸ್ವರ ಹಿಡಿಯುವಾಗ ನನ್ನ ತೊಡೆ ಬಿಗಿಯುತ್ತದೆ. ಅದು ಭಕ್ತಿ, ಇದು ಜೂಜೇ? ಭಜನೆಯವರು ಯಾರೂ ನಿಮ್ಮ ಮಾತು ತೆಗೆದುಹಾಕುವುದಿಲ್ಲ. ಭೂತಯ್ಯನವರಿಗೆ ಒಂದು ಫೋನ್ ಮಾಡಿ ಬೀಗ ತೆಗೆಸಿ.

ಅಕ್ಕ ಭಾವನಿಗೆ ನನ್ನ ನೆನಪು ತಿಳಿಸಿ. ಕಪ್ಪು ಕನ್ನಡಕವಿಲ್ಲದೆ ಹೊರಗೆ ಕಾಲಿಡಬೇಡಿ, ಬೇಗ ಗುಣವಾಗಿ ಬನ್ನಿ.

ನಿಮ್ಮ ಮಗಳು
ಮಂಜುಶ್ರೀ

ಇನ್ನೊಂದು ಮಾತು: ಅಂಚೆಗೆ ಹಾಕಲು ಹೊರಟಾಗ ಭೂತಯ್ಯನವರು ಎದುರಾದರು. "ನನ್ ಮೇಲ್ ಯಾಕವ್ವ ಹಾರಾಡ್ತೀಯ? ಬೀಗ ಜಡಿ ಅಂತ ಹಾಸನದಿಂದ ಫೋನ್ ಮಾಡಿದ್ದು ನಿಮ್ಮಪ್ಪಾರೇ" ಎಂದರು. ನನಗೊಂದು ಮಾತು ಹೇಳಬಾರದಿತ್ತೇ ಅಪ್ಪಾ? ಈ ಶನಿವಾರದಿಂದ ಪಾಠ ನಿಮ್ಮ ಕೋಣೆಯಲ್ಲಿ. ಮಂಚವನ್ನು ಹೊರಗೆ ಹಾಕಿಸಿದ್ದೇನೆ. ಬಂದ ಮೇಲೆ ಬೇಡ ಎನ್ನುವುದಿದ್ದರೆ ನನಗೆ ಹೇಳಬೇಡಿ. ನಯನಾಳನ್ನು ಎದುರಿಗೆ ಕೂರಿಸುತ್ತೇನೆ, ಅವಳಿಗೆ ಹೇಳಿ.