ಹೊಲಕ್ಕೆ ಹೊಸಿಲಿಲ್ಲ

ಜುಲೈ 3, 2025. ಹಿಂದೂಪುರ

ಡ್ರಿಪ್ ಸ್ಯಾಂಕ್ಷನ್ ಆಗಿದೆ, ನನ್ನ ಹೆಸರಿಗೆ, ನನ್ನ ಹೆಸರಿಗೆ! ಹಲ್ಲುಜ್ಜುತ್ತಿದ್ದಾಗ ಊರಿಂದ ಗಂಡ ಅಮರೇಶ್ ಫೋನ್. ಬಾಯ್ತುಂಬ ನೊರೆ. ಆದರೂ ಕೂಗಿದೆ. ಕಾನ್ವೆಂಟಿನಲ್ಲಿ ಅಗ್ರಿಕಲ್ಚರ್ ಬಗ್ಗೆ ಎಸ್ಸೆ ಬಾಯಿಪಾಠ ಮಾಡಿದವಳು ಈಗ ಸರ್ಕಾರದ ಪ್ರಕಾರ ರೈತ ಮಹಿಳೆ!

ಮದುವೆಗೆ ಅತ್ತೆ ತಮ್ಮ ತವರಿನ ಎರಡೆಕರೆಯನ್ನೇ ನನಗೆ ಬರೆದುಕೊಟ್ಟರು. ಕಲ್ಯಾಣದುರ್ಗದ ಕಡೆ, ಕಂಬದೂರಿನ ಆಚೆ, ಅತ್ತೆ ಮನೆಗೂ ಹತ್ತಿರ. ಬೋರಿದೆ, ನೀರು ಕಮ್ಮಿ. ಸಬ್ಸಿಡಿಯಲ್ಲಿ ಹನಿ ನೀರಿನ ಪೈಪ್ ಬಂದರೆ ಟೊಮೇಟೊ. ಇಲ್ಲದಿದ್ದರೆ ಈ ವರ್ಷವೂ ಬೀಳು.

ಮಧ್ಯಾಹ್ನ

ಅಯ್ಯೋ. ಪೈಪ್ ಇಳಿಸುವ ಮೊದಲು ರೈತರೇ ಹೊಲದಲ್ಲಿ ನಿಂತು ಫೋಟೋ ಕೊಡಬೇಕಂತೆ. ಮುಂದಿನ ಬುಧವಾರದೊಳಗೆ. ಇಲ್ಲದಿದ್ದರೆ ನನ್ನ ಸರದಿ ಬೇರೆಯವರಿಗೆ.

ರೈತ ಮಹಿಳೆ ಹಿಂದೂಪುರದ ತವರಲ್ಲಿದ್ದಾಳೆ. ಆಷಾಢ! ಹೊಸ ಸೊಸೆ, ಅತ್ತೆ ಒಂದೇ ಹೊಸಿಲು ದಾಟುವಂತಿಲ್ಲ, ಮುಖ ನೋಡುವಂತಿಲ್ಲ. ಗಂಡನ ಮುಖವೂ ಅಷ್ಟೇ. ವಿಡಿಯೊ ಕಾಲ್ ಲೆಕ್ಕಕ್ಕಿಲ್ಲ — ಇದು ನನ್ನದೇ ತೀರ್ಮಾನ.

ಜುಲೈ 4

ಅಮ್ಮ ಒಪ್ಪುತ್ತಿಲ್ಲ. "ಬೀಗಿತ್ತಿ ಏನಂದ್ಕೊತಾರೆ? ತಿಂಗ್ಳು ತಡ್ಕೊಳಕ್ಕಾಗ್ಲಿಲ್ವಾ ಅಂತಾರೆ." ಅಮರೇಶ್‌ಗೆ ತಮ್ಮ ತಾಯಿಯನ್ನು ಕೇಳಲು ಭಯ. ಆರಡಿ ಗಂಡಸು! ಕೊನೆಗೆ ನಾನೇ ಅತ್ತೆಗೆ ಫೋನ್ ಮಾಡಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು.

ಆ ಕಡೆ ಎಮ್ಮೆ ಕೂಗಿತು. ಅತ್ತೆ ಅದನ್ನು ಗದರಿದರು. ಆಮೇಲೆ—

"ಯಾಕಮ್ಮ ಅಳ್ತೀಯ? ಹೊಸ್ಲು ದಾಟ್ಬಾರ್ದು ಅಂದವ್ರೆ. ಹೊಲಕ್ಕೆ ಹೊಸ್ಲು ಎಲ್ಲೈತೆ? ಬಸ್ಸಿಳ್ದು ಸೀದಾ ಹೊಲಕ್ಕೋಗು. ಮನೆ ಕಡೆ ತಲೆ ಹಾಕ್ಬ್ಯಾಡ, ನಾನೂ ಆಚಿಗೆ ಬರಾಕಿಲ್ಲ."

ಐ ಲವ್ ಹರ್. ಐ ಲವ್ ಹರ್!

ಜುಲೈ 9, ವಾಪಸ್ ಬಸ್ಸಿನಲ್ಲಿ

ಆಯಿತು!! ಅಕ್ಷರ ಕುಣಿಯುತ್ತಿವೆ, ರೊದ್ದಂ ರಸ್ತೆ ಹಾಗಿದೆ. ಅಮ್ಮ ಪಕ್ಕದಲ್ಲಿ ನಿದ್ದೆ.

ಬರುವುದಿಲ್ಲ ಎಂದಿದ್ದ ಅತ್ತೆ ಬಂದೇ ಬಿಟ್ಟಿದ್ದರು. ಬೇವಿನ ಮರದಡಿ, ನಮಗೆ ಬೆನ್ನು ತಿರುಗಿಸಿ, ಬುತ್ತಿ ಗಂಟು ಹಿಡಿದು.

ಅಗ್ರಿಕಲ್ಚರ್ ಅಸಿಸ್ಟೆಂಟ್ ಶಿರೀಷಾ ಫೋನ್ ಎತ್ತಿದಳು. "ಕೊಂಚೆಂ ನವ್ವಂಡಿ ಅಕ್ಕಾ." ನಗಬೇಕೇ? ನನಗೆ ನಗು ನಿಲ್ಲುತ್ತಲೇ ಇರಲಿಲ್ಲ. ಆದರೆ ಲೊಕೇಶನ್ ಸಿಗುತ್ತಿಲ್ಲ. ಫೋಟೋ ಹೋಗುತ್ತಿಲ್ಲ. ಇಷ್ಟು ದೂರ ಬಂದು…  ಮುಖ ಅತ್ತ ತಿರುಗಿಸಿಕೊಂಡೇ ನಿಂತಿದ್ದ ಅಮರೇಶ್ ಮೆಲ್ಲಗೆ ನನ್ನ ಕೈ ಹಿಡಿದರು.

"ಅಮರೇಶಾ, ಕೈ ಬಿಡ್ಲಾ!" ಬೇವಿನ ಮರದಡಿಯಿಂದ. "ಏಯ್ ಹುಡ್ಗಿ, ಸೆರಗು ಸರಿ ಮಾಡ್ಕೊ. ಫೋಟೋ ಗೌರ್ಮೆಂಟಿಗೆ ಹೋಯ್ತದೆ."

"ಅತ್ತೆ, ನೀವು ನೋಡ್ತಿಲ್ಲ ಅಲ್ವಾ?"

"ನಾನ್ಯಾಕಮ್ಮ ನೋಡ್ಲಿ? ಬೋರಿನ್ ತಾವ ಹೋಗಿ ನಿಂತ್ಕೊ, ಅಲ್ಲಿ ಸಿಗ್ನಲ್ ಬತ್ತದೆ."

ಬಂತು! ಫೋಟೋ ಹೋಯಿತು! ಶಿರೀಷಾ ಹೆಬ್ಬೆರಳು ಎತ್ತಿ ತೋರಿಸಿದಳು. ನಾನು ಸೀರೆಯಲ್ಲೇ ಕುಪ್ಪಳಿಸಿದೆ. ಅತ್ತೆ ಬೆನ್ನು ತಿರುಗಿಸಿಕೊಂಡೇ ಹಿಂದೆ ಹಿಂದೆ ಹೆಜ್ಜೆಯಿಟ್ಟು ಬಂದು ಬುತ್ತಿಯನ್ನು ಅಮ್ಮನ ಕೈಗೆ ಕೊಟ್ಟರು. ಹೋಳಿಗೆ. ಇನ್ನೂ ಬೆಚ್ಚಗಿತ್ತು.

ಜುಲೈ 21

ಪೈಪ್ ಬಂತು, ಹಾಸಿಯೂ ಆಯಿತು! ಅಮರೇಶ್ ವಿಡಿಯೊ ಕಳಿಸಿದ್ದಾರೆ. ಕೆಂಪು ಮಣ್ಣಿನ ಮೇಲೆ ಕರಿ ಗೆರೆಗಳು, ಒಂದನೇ ಕ್ಲಾಸಿನ ನನ್ನ ಕಾಪಿ ಪುಸ್ತಕದ ಹಾಗೆ. ಹತ್ತು ಸಲ ನೋಡಿದೆ.

ನೀರು ಮಾತ್ರ ಬಿಟ್ಟಿಲ್ಲ. ವಾಲ್ವ್ ಮುಟ್ಟಲು ಅತ್ತೆ ಬಿಡುತ್ತಿಲ್ಲವಂತೆ. "ಹೊಲದೋಳು ಬರ್ಲಿ ಕಣ್ಲಾ, ಅವಳೇ ತಿರುಗಿಸ್ತಾಳೆ."

ಟೊಮೇಟೊ ಸಸಿ ನರ್ಸರಿಯಲ್ಲಿ ಕಾಯುತ್ತಿದೆ. ನಾನು ಇಲ್ಲಿ.

ಗುರುವಾರ ಅಮಾವಾಸ್ಯೆ, ಅಲ್ಲಿಗೆ ಆಷಾಢ ಮುಗಿಯಿತು. ಧರ್ಮಾವರಂ ಸ್ಟೇಷನ್‌ಗೆ ಅತ್ತೆಯೇ ಬರುತ್ತಾರಂತೆ. ಈಗಷ್ಟೇ ಫೋನ್: "ಯಾವತ್ತು, ಯಾವ ರೈಲು? ಸರಿಯಾಗಿ ಯೋಳಮ್ಮ. ಈ ಸಲ ಎದುರುಗಡೇನೇ ನಿಂತ್ಕೊಂಡು ನೋಡ್ತೀನಿ."

ಹೇಳಿದೆ. ಇಲ್ಲೂ ಬರೆದಿಡುತ್ತೇನೆ — ಶುಕ್ರವಾರ, ಶ್ರಾವಣದ ಮೊದಲ ದಿನ, ಧರ್ಮಾವರಂ ಮೆಮು ರೈಲು…