ಸೌನಾದ ಕೀಲಿ

ಕುವೊಪಿಯೊ, ಮಾರ್ಚ್ ೯, ಸೋಮವಾರ

ನನ್ನ ಮುದ್ದಿನ ಇಲೋನಾ,

ಹೇಗಿದ್ದೀಯ ಮಗಳೇ? ಕೆಮ್ಮು ಕಡಿಮೆಯಾಯಿತೇ? ಮಂಜುಗಡ್ಡೆ ಒಡೆಯುವ ಆ ಹಡಗಿನಲ್ಲಿ ಎಲ್ಲರಿಗೂ ಬಿಸಿಬಿಸಿ ಬಡಿಸಿ, ನೀನು ಮಾತ್ರ ನಿಂತುಕೊಂಡೇ ತಣ್ಣಗಿನ ಗಂಜಿ ಕುಡಿಯುತ್ತೀಯೆಂದು ನನಗೆ ಗೊತ್ತು. ಕೂತು ಉಣ್ಣು. ನಾನು ಗುಂಡುಕಲ್ಲಿನ ಹಾಗಿದ್ದೇನೆ. ಇನ್ನು ನಿಮ್ಮಪ್ಪನ ಸುದ್ದಿ.

ಎರಡು ಸಲ ಕೀಮೋ ಕೊಟ್ಟರೂ ಆ ಹಾಳು ಲಿಂಫೋಮಾ ತಿರುಗಿ ಬಂತಲ್ಲ, ಈಗ ಹೊಟ್ಟೆಯ ಚರ್ಮದಡಿಗೆ ಹೊಸ ಚುಚ್ಚುಮದ್ದು ಶುರುವಾಗಿದೆ. ಪ್ರತಿಕಾಯವಂತೆ. ಒಂದು ಕೈಯಲ್ಲಿ ಕ್ಯಾನ್ಸರ್ ಕಣವನ್ನು, ಇನ್ನೊಂದರಲ್ಲಿ ಮೈಯ ಕಾವಲಿನ ಕಣವನ್ನು ಹಿಡಿದು ಎದುರುಬದುರು ನಿಲ್ಲಿಸುತ್ತದೆಂದು ನರ್ಸ್ ಸಿನಿಕ್ಕಾ ಬಿಡಿಸಿ ಹೇಳಿದಳು. "ಜಗಳ ಹಚ್ಚೋದಾ? ಅದಕ್ಕೆ ನನ್ನ ನಾದಿನಿಯೇ ಸಾಕಾಗಿತ್ತಲ್ಲ!" ಎಂದರು ನಿಮ್ಮಪ್ಪ. ಅವಳು ನಗಲಿಲ್ಲ. "ಜಗಳ ಜೋರಾದ್ರೆ ಜ್ವರ ಬರುತ್ತೆ ವೇಯ್ಕೋ. ಮೂವತ್ತೆಂಟು ಡಿಗ್ರಿ ಮುಟ್ಟಿದ್ರೆ ತಕ್ಷಣ ಫೋನ್ ಮಾಡ್ಬೇಕು" ಎಂದಳು.

ಎರಡನೆಯ ಚುಚ್ಚುಮದ್ದಿನ ಮರುದಿನವೇ ಶನಿವಾರ. ಶನಿವಾರದ ಸೌನಾ ಬಿಟ್ಟಾರೆಯೇ ನಿಮ್ಮಪ್ಪ? ಬೇಡವೆಂದರೂ ಒಲೆ ಹೊತ್ತಿಸಿ, ಕಾದ ಕಲ್ಲಿಗೆ ನೀರೆರೆದು, ಹಬೆಯಲ್ಲಿ ಕೂತು ಕೆಂಪಗಾಗಿ ಬಂದರು. ಥರ್ಮಾಮೀಟರು ಮೂವತ್ತೊಂಬತ್ತು ತೋರಿಸಿತು. "ಸೌನಾದ ಕಾವು ಕಣೇ, ಆರುತ್ತೆ ಬಿಡು" ಎಂದರು. ಸೌನಾದಲ್ಲೇ ಬೆಳೆದ ದಡ್ಡಿ ನಾನು, ನಂಬಿಬಿಟ್ಟೆ! ಸಾಸೇಜ್ ಸುಟ್ಟು ತಂದಿಟ್ಟೆ. ಮುಟ್ಟಲಿಲ್ಲ. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುತ್ತಿತ್ತು. ಸೌನಾದಿಂದ ಬಂದವರು ಚಳಿಗೆ ನಡುಗಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಜೀವ ಬಾಯಿಗೆ ಬಂತು, ಫೋನ್ ಮಾಡಿದೆ.

ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ಜ್ವರ ಇಳಿಸಿದರು. ಇನ್ನೂ ತಡಮಾಡಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಬರುವ ಶುಕ್ರವಾರಕ್ಕೆ ಪೂರ್ತಿ ಪ್ರಮಾಣದ ಚುಚ್ಚುಮದ್ದು, ಅಂದು ಅಲ್ಲೇ ಉಳಿಯಬೇಕು. ಕುತ್ತಿಗೆಯ ಗಂಟು ಆಗಲೇ ಮೆತ್ತಗಾಗಿದೆ, ನಾನೇ ಮುಟ್ಟಿ ನೋಡಿದೆ. ಇದನ್ನು ಅರ್ಧಕ್ಕೆ ಕೆಡಿಸಲು ನಾನು ಬಿಡುವುದಿಲ್ಲ. ಅವರಿಲ್ಲದ ಮನೆ ನನಗೆ ಬೇಡ ಇಲೋನಾ, ಅಷ್ಟೇ.

ಬೆಚ್ಚಗಿರು. ನಿನ್ನ ಹಡಗಿಗೂ ಅದರಲ್ಲಿರುವವರಿಗೂ ಒಳ್ಳೆಯದಾಗಲಿ.

ನಿನ್ನ ಅಮ್ಮ,
ಹೆಲ್ವಿ

ಅಯ್ಯೋ, ಮರೆತೆ: ಲಕೋಟೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ಸೌನಾದ ಕೀಲಿ. ಇರುವುದು ಇದೊಂದೇ. ಬಾಗಿಲು ಅವರೇ ಕೈಯಾರೆ ಮಾಡಿದ್ದು, ಒಡೆಯುವ ಮನಸ್ಸು ಅವರಿಗೆ ಬರದು. ಕೀಲಿ ವಾಪಸ್ ಕಳಿಸೆಂದು ಫೋನಿನಲ್ಲಿ "ನನ್ನ ಚಿನ್ನ" ಎಂದು ಬೆಣ್ಣೆ ಹಚ್ಚುತ್ತಾರೆ, ಕರಗಬೇಡ. ಮೇ ತಿಂಗಳಲ್ಲಿ ಸಮುದ್ರದ ಮಂಜುಗಡ್ಡೆ ಕರಗಿ ನೀನು ಮನೆಗೆ ಬರುವಾಗ ತಂದು ಅವರ ಕೈಗೇ ಕೊಡು. ತೆಗೆದುಕೊಳ್ಳಲು ಅವರಿರುತ್ತಾರೆ.